ಸರೋಜಮ್ಮನವರ ಕಾರೂ ಮೂರರ ಗೆರೆಯೂ

ನನ್ನ ದುಡಿಮೆಯ ಅರ್ಧ ಆಯುಷ್ಯ ಗಾಡಿಗಳ ಹಿಂಭಾಗ ನೋಡುವುದರಲ್ಲೇ ಕಳೆಯಿತು. ಈಗಲೂ ಜಯನಗರದಲ್ಲಿ ಯಾರಾದರೂ ತಡೆದು ನಿಲ್ಲಿಸಿ, "ನಾಗರಾಜಣ್ಣ, ಗುರುತು ಸಿಗ್ಲಿಲ್ವಾ?" ಎಂದರೆ ಮುಖ ನೋಡಿ ತಬ್ಬಿಬ್ಬಾಗುತ್ತೇನೆ. "ಯಾವ ಗಾಡಿ ಇತ್ತು ನಿಮ್ದು?" ಎಂದು ಕೇಳಿ, ಅವರು ಹೇಳಿದ ಮೇಲೆ ಎಲ್ಲ ನೆನಪಾಗುತ್ತದೆ. ಸೈಲೆನ್ಸರ್ ತುಕ್ಕು ಹಿಡಿದಿತ್ತೋ, ಹೊಗೆ ನೀಲಿಯಿತ್ತೋ ಕಪ್ಪಿತ್ತೋ, ಮೊದಲ ಸಲಕ್ಕೇ ಪಾಸಾಯಿತೋ ಇಲ್ಲವೋ, ಎಲ್ಲವೂ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಒಂದು ಸಣ್ಣ ಡಬ್ಬಿಯಂಗಡಿ ಇರುತ್ತದಲ್ಲ, ಎಮಿಷನ್ ಟೆಸ್ಟ್ ಎಂದು ಬೋರ್ಡು ಹಾಕಿಕೊಂಡು, ಅದರೊಳಗೆ ಕೂತಿರುತ್ತಿದ್ದವನು ನಾನು.

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಕೆಲವರು ನನ್ನ ಹತ್ತಿರ ಬಂದು, "ಅಂಕಲ್, ಪೈಪೊಳಗೆ ಕಡ್ಡಿ ಇಡೋದು, ಪ್ರಿಂಟ್ ತೆಗೆಯೋದು, ಅಷ್ಟೇ ತಾನೆ?" ಎಂದು ಕೇಳುತ್ತಾರೆ. ಅಷ್ಟೇಪ್ಪ. ಅಡುಗೆ ಅಂದರೂ ಒಲೆ ಹಚ್ಚೋದು, ಪಾತ್ರೆ ಇಳಿಸೋದು, ಅಷ್ಟೇ. ಅವರಿಗೆ ಬಾಯಲ್ಲಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ತಪ್ಪುಗಳು ಮಾತ್ರ ಧಾರಾಳವಾಗಿವೆ.

ಯಂತ್ರ ಬರುವ ಮೊದಲು ನಾನು ವಿಲ್ಸನ್ ಗಾರ್ಡನ್‌ನಲ್ಲಿ ಪಾಪಣ್ಣ ಮೇಸ್ತ್ರಿಗಳ ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಕೆಲಸ ಕಲಿತೆ. ಕಾರ್ಬೊರೇಟರ್ ಎಂದರೆ ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಕಲಸಿ ಎಂಜಿನ್ನಿಗೆ ಉಣಿಸುವ ಭಾಗ. ಪೆಟ್ರೋಲ್ ಹೆಚ್ಚಾಗಿ ಗಾಳಿ ಕಡಿಮೆಯಾದರೆ ಅರೆಬೆಂದ ಹೊಗೆ ಬರುತ್ತದೆ. ಪೆಟ್ರೋಲ್ ಗಾಡಿಯ ಹೊಗೆ ತಪಾಸಣೆ ನಿಂತಿರುವುದೇ ಈ ಒಂದು ಮಾತಿನ ಮೇಲೆ. ಪಾಪಣ್ಣನವರ ಹತ್ತಿರ ಯಾವ ಯಂತ್ರವೂ ಇರಲಿಲ್ಲ. ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುತ್ತಿದ್ದರು. ಮಸಿ ಹಿಡಿದಿದ್ದರೆ "ಹೊಟ್ಟೆಬಾಕ" ಎನ್ನುವರು. ಬಿಳಿಚಿಕೊಂಡಿದ್ದರೆ "ಪಾಪ, ಉಪವಾಸ". ಹುರಿದ ಕಡಲೇಬೀಜದ ಸಿಪ್ಪೆಯ ಬಣ್ಣವಿದ್ದರೆ "ಇವನು ಸಂಸಾರಸ್ಥ, ಕಳಿಸು". ಮೊದಲ ದಿನ ನಾನು ಆತುರದಲ್ಲಿ ಸ್ಕ್ರೂಡ್ರೈವರ್ ಎತ್ತಿಕೊಂಡಾಗ ಕೈಮೇಲೆ ಒಂದು ಏಟು ಹಾಕಿ, "ಮುಟ್ಟೋಕೆ ಮುಂಚೆ ನೋಡೋ. ಕಣ್ಣು ದೇವರು ಕೊಟ್ಟಿದ್ದು, ಸ್ಕ್ರೂಡ್ರೈವರ್ ಸಂತೇಲಿ ತಂದಿದ್ದು" ಎಂದರು. ಆ ಮಾತನ್ನು ನಾನು ಮುಂದೆ ಎಷ್ಟು ಚೆನ್ನಾಗಿ ಮರೆತೆ ಎಂಬುದನ್ನು ಹೇಳುತ್ತೇನೆ.

ತೊಂಬತ್ತರ ದಶಕದ ನಡುವೆ ಜಯನಗರದ ಒಂದು ಬಂಕಿಗೆ ಹೊಗೆ ಅಳೆಯುವ ಯಂತ್ರ ಬಂತು. ಬಂಕು ರಾಜಣ್ಣನವರದ್ದು. ಅವರ ತಂದೆಯ ಕಾಲಕ್ಕೆ ಆ ಜಾಗ ರಾಗಿ ಹೊಲ. ರಾಜಣ್ಣನಿಗೆ ಪೆಟ್ರೋಲಿನ ವಾಸನೆಗಿಂತ ಹಸುವಿನ ಸಗಣಿಯ ವಾಸನೆಯೇ ಇಷ್ಟ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಕಾರ್ಬೊರೇಟರ್ ಗೊತ್ತಿರುವವನು ಬೇಕು ಎಂದು ನನ್ನನ್ನು ಕರೆಸಿಕೊಂಡರು. ಯಂತ್ರ ನೋಡಿ ನನಗಿಂತ ಅವರಿಗೇ ಕುತೂಹಲ ಹೆಚ್ಚು. ಎರಡನೆಯ ದಿನವೇ ಬೀಡಿಯನ್ನು ಜೋರಾಗಿ ಎಳೆದು, ಪ್ರೋಬನ್ನು, ಅಂದರೆ ಸೈಲೆನ್ಸರ್ ಒಳಗೆ ತೂರಿಸುವ ಉದ್ದನೆಯ ಕಡ್ಡಿಯನ್ನು, ತಮ್ಮ ಬಾಯಿಗೇ ಇಟ್ಟುಕೊಂಡು ಊದಿದರು. ಅಂಕಿ ಒಂಚೂರು ಏರಿ ನಿಂತಿತು. ಕಾರಿನ ಹೊಗೆಯಲ್ಲಿ ವಿಷಗಾಳಿಗೆ, ಅಂದರೆ ಕಾರ್ಬನ್ ಮಾನಾಕ್ಸೈಡಿಗೆ, ಮಿತಿ ಮೂರು ಪರ್ಸೆಂಟ್; ರಾಜಣ್ಣ ಅದಕ್ಕಿಂತ ಎಷ್ಟೋ ಕೆಳಗಿದ್ದರು. "ನೋಡ್ದಾ ನಾಗ! ನಾನು ಪಾಸು. ಮನೇಲಿ ನಮ್ಮೆಂಗಸ್ರು ಸುಮ್ನೆ ಬಯ್ತಾರೆ" ಎಂದು ಕುಣಿದಾಡಿದರು. ಆ ಪ್ರೋಬ್ ತೊಳೆದು ಒರೆಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ನನ್ನ ಮೊದಲ ದೊಡ್ಡ ತಪ್ಪು ಆ ತಿಂಗಳೇ ನಡೆಯಿತು. ಯಂತ್ರವನ್ನು ದಿನಾ ಬೆಳಿಗ್ಗೆ ಸೊನ್ನೆಗೆ ತರಬೇಕು. ಸುತ್ತಲಿನ ಗಾಳಿಯನ್ನು ಅದಕ್ಕೆ ಕುಡಿಸಿ, ಇದೇ ಶುದ್ಧ ಗಾಳಿ, ಇದನ್ನೇ ಸೊನ್ನೆ ಎಂದು ತಿಳಿದುಕೋ ಎಂದು ಹೇಳಿಕೊಡುವ ಕ್ರಮ. ಒಂದು ದಿನ ಪಕ್ಕದಲ್ಲೇ ಹಳೆಯ ವ್ಯಾನೊಂದು ಎಂಜಿನ್ ಆರಿಸದೆ ನಿಂತಿತ್ತು. ನಾನು ಕಾಫಿ ಹೀರುತ್ತಾ ಅದರ ಹೊಗೆಯನ್ನೇ ಯಂತ್ರಕ್ಕೆ ಶುದ್ಧ ಗಾಳಿ ಎಂದು ನಂಬಿಸಿಬಿಟ್ಟೆ. ಮಧ್ಯಾಹ್ನದವರೆಗೆ ಬಂದ ಗಾಡಿಗಳೆಲ್ಲ ಪಾಸೋ ಪಾಸು! ಕರೀ ಹೊಗೆ ಕಾರುವ ಆಟೋಗಳೂ ಹಸುಗೂಸಿನ ಹಾಗೆ ಪಾಸಾದವು. ಆಟೋದವರು ಒಬ್ಬರಿಗೊಬ್ಬರು ಹೇಳಿ ಮಡಿವಾಳದವರೆಗೂ ಸಾಲು ನಿಲ್ಲುವಂತಾದಾಗ ಅನುಮಾನ ಬಂತು. ಯಂತ್ರ ಸುಳ್ಳು ಹೇಳಲ್ಲ ಅನ್ನುತ್ತಾರೆ. ನಾವು ಕಲಿಸಿದ ಸುಳ್ಳನ್ನು ಮಾತ್ರ ಅದು ಬಲು ನಿಯತ್ತಾಗಿ ಹೇಳುತ್ತದೆ. ಅಂದಿನಿಂದ ಸೊನ್ನೆಗೆ ತರುವ ಮೊದಲು ಹೊರಗೆ ಬಂದು ಒಂದು ಸುತ್ತು ಹಾಕಿ ನೋಡುವುದು ರೂಢಿಯಾಯಿತು.

ಜನ ಮಾಡುತ್ತಿದ್ದ ಉಪಾಯಗಳದ್ದೇ ಒಂದು ಪುರಾಣ. ಒಬ್ಬರು ಪೆಟ್ರೋಲ್ ಟ್ಯಾಂಕಿಗೆ ಕರ್ಪೂರ ಹಾಕಿಕೊಂಡು ಬಂದಿದ್ದರು. ಬಾಗಿಲಲ್ಲಿ ಮಂಗಳಾರತಿಯ ವಾಸನೆ, ಅಂಕಿ ಮಾತ್ರ ಕದಲಲಿಲ್ಲ. ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಗದಗಿನ ಕಡೆಯ ಹುಡುಗನೊಬ್ಬ ಸ್ಕೂಟರು ಫೇಲಾದಾಗ ಅಳುವ ಹಾಗಾಗಿದ್ದ. "ಏನ್ರೀ ಸರ, ನಿನ್ನೆ ರವಿವಾರ ಪೂರ್ತಿ ತೊಳದು, ತಿಕ್ಕಿ, ಪಾಲಿಶ್ ಹಚ್ಚಿ ತಂದೀನ್ರೀ. ಫೇಲ್ ಹೆಂಗಾಗ್ತದ್ರೀ?" ಎಂದ. "ಸ್ನಾನ ಮಾಡ್ಸಿದ್ರೆ ಹೊಟ್ಟೆನೋವು ಹೋಗುತ್ತೇನಪ್ಪಾ?" ಎಂದೆ. ಅವನೂ ನಕ್ಕ. ಹೀಗೆ ಅವರಿವರನ್ನು ನೋಡಿ ನಗುವುದು ನನಗೆ ಚಟವಾಗಿತ್ತು. ಕುಚೋದ್ಯ ಬಾಯಿತುದಿಯಲ್ಲೇ ಇರುತ್ತಿತ್ತು. ಅದರ ಬಿಸಿ ಯಾರಿಗೆ ಎಷ್ಟು ತಾಗುತ್ತದೆ ಎಂದು ತಿರುಗಿ ನೋಡುತ್ತಿರಲಿಲ್ಲ.

ಮನೆಯಲ್ಲೂ ಅದೇ. ನಾವು ಇಟ್ಟಮಡುವಿನಲ್ಲಿದ್ದೆವು. ನನ್ನ ಹೆಂಡತಿ ಕಮಲ ದಿನಾ ಸಂಜೆ ಆ ದಿನದ ಗಾಡಿಗಳ ಕಥೆ ಕೇಳುವಳು. ಗೇರ್ ಎಂದರೇನು, ಕ್ಲಚ್ ಯಾಕೆ ಬೇಕು, ಎಲ್ಲ ಬಿಡಿಸಿ ಬಿಡಿಸಿ ಕೇಳುವಳು. ಒಂದು ಸಲ, "ಕಾರು ಓಡ್ಸೋದು ಅಷ್ಟು ಕಷ್ಟಾನಾ ರೀ? ನಂಗೂ ಕಲಿಸ್ತೀರಾ?" ಎಂದಳು. "ನಿಂಗಾ? ಗ್ರೈಂಡರ್ ಆನ್ ಮಾಡಿ ಎರಡು ಹೆಜ್ಜೆ ಹಿಂದಕ್ಕೆ ಹಾರ್ತೀಯ, ಕಾರು ಓಡಿಸ್ತೀಯಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ಏನೋ ಒಂಥರಾ ನಕ್ಕು ಸಂಕಷ್ಟಿ ಪೂಜೆಗೆ ಗರಿಕೆ ಕಟ್ಟುತ್ತಾ ಕೂತಳು. ಇಪ್ಪತ್ತೊಂದು ಎಳೆ ಎಣಿಸಿ, ನನ್ನ ಟೂಲ್ ಬಾಕ್ಸಿನಿಂದ ಕದ್ದ ಸಣ್ಣ ಕೆಂಪು ವೈರಿನ ತುಂಡಿನಿಂದ ಕಟ್ಟು ಹಾಕುವುದು ಅವಳ ಪದ್ಧತಿ. "ದೇವರ ಗರಿಕೆ ಕಟ್ಟೋಕೆ ದಾರ ಸಿಗಲ್ವೇನೇ?" ಎಂದು ರೇಗಿದರೆ, "ದಾರ ಜಾರುತ್ತೆ, ವೈರು ಜಾರಲ್ಲ" ಎನ್ನುತ್ತಿದ್ದಳು. ಕಾರಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ನಾನೂ ಮರೆತುಬಿಟ್ಟೆ.

ಇನ್ನು ಸರೋಜಮ್ಮನವರ ಕಥೆ. ಬನಶಂಕರಿಯಲ್ಲಿ ಹೆಂಗಸರಿಗಾಗಿಯೇ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಗಟ್ಟಿಗಿತ್ತಿ ಅವರು. ಅವರ ತಂದೆ ಟ್ಯಾಕ್ಸಿ ಓಡಿಸುತ್ತಿದ್ದರಂತೆ. ತಂದೆಯ ಹಳೆಯ ಅಂಬಾಸಿಡರ್ ಕಾರಿಗೇ ಎಡಗಡೆ ಇನ್ನೊಂದು ಜೊತೆ ಕ್ಲಚ್ಚು ಬ್ರೇಕು ಕೂರಿಸಿ ಸ್ಕೂಲು ಶುರು ಮಾಡಿದ್ದರು. ಸ್ಕೂಲು ಎಂದರೆ ಅದೊಂದೇ ಕಾರು. ಒಂದು ಶುಕ್ರವಾರ ಬೆಳಿಗ್ಗೆ ಪಾಠ ಮುಗಿಸಿ ಬಿಸಿ ಎಂಜಿನ್ನಿನಲ್ಲೇ ನೇರ ನನ್ನ ಮುಂದೆ ತಂದು ನಿಲ್ಲಿಸಿದರು.

"ನಾಗರಾಜ್, ಬುಧವಾರ ಎಫ್‌ಸಿ, ಅದೇ ಫಿಟ್‌ನೆಸ್ ಸರ್ಟಿಫಿಕೇಟಿನ ತಪಾಸಣೆ ಇದೆ. ಹೊಗೆ ಸರ್ಟಿಫಿಕೇಟ್ ಇಲ್ದೆ ಕಾರಿಗೆ ಎಫ್‌ಸಿ ಕೊಡಲ್ಲ. ಎಫ್‌ಸಿ ಇಲ್ದೆ ಕಾರು ರೋಡಿಗೆ ಇಳಿಯೋ ಹಾಗಿಲ್ಲ. ಮುಂದಿನ ಶುಕ್ರವಾರ ನನ್ನ ನಾಲ್ಕು ಜನ ಸ್ಟೂಡೆಂಟ್ಸ್‌ಗೆ ಲೈಸೆನ್ಸ್ ಟೆಸ್ಟು, ಇದೇ ಕಾರಲ್ಲಿ" ಎಂದರು. ಆಮೇಲೆ ದನಿ ಇಳಿಸಿ, "ಅದ್ರಲ್ಲಿ ಒಬ್ರಿಗೆ ಇದು ಮೂರನೇ ಸಲ. ಕಲಿಯೋ ಲೈಸೆನ್ಸಿನ ಅವಧಿ ಮುಗೀತಾ ಬಂತು. ಮನೇಲಿ ಗೊತ್ತಿಲ್ದೆ ಬರ್ತಿದಾರೆ ಪಾಪ. ಇದು ತಪ್ಪಿದ್ರೆ ಮತ್ತೆ ಮೊದಲಿಂದ ಬರೋಕೆ ನನ್ನ ಕೈಲಾಗಲ್ಲ ಮೇಡಂ ಅಂತ ಅತ್ತುಬಿಟ್ರು" ಎಂದರು.

ನಾನು ಪ್ರೋಬ್ ಇಟ್ಟೆ. ಆರು ದಾಟಿತು. ಮೂರಿರಬೇಕಾದ ಕಡೆ ಆರು!

ಹಳೆಯ ಕಾರು ಎಂದರೆ ನನಗೆ ಮೊದಲಿನಿಂದಲೂ ಕೈ ಕಡಿತ. ಸಂಜೆ ಐದಕ್ಕೆ ಟೆಸ್ಟು ಮುಗಿಯುತ್ತಿತ್ತು. ರಾಜಣ್ಣ ಸರ್ಟಿಫಿಕೇಟಿಗೆ ಒತ್ತುವ ಸೀಲನ್ನು ಜೇಬಿಗೆ ಹಾಕಿಕೊಂಡು ಹೊರಟುಬಿಡುವರು. "ಸಂಜೆ ತನ್ನಿ ಮೇಡಂ, ನಾನೇ ಟ್ಯೂನ್ ಮಾಡ್ತೀನಿ" ಎಂದೆ. ಸಂಜೆ ಬಂಕಿನ ಹಿಂದೆ ಬಾನೆಟ್ ಎತ್ತಿ, ಪಾಪಣ್ಣನವರಲ್ಲಿ ಕಲಿತ ವಿದ್ಯೆಯನ್ನೆಲ್ಲ ಹೊರಗೆ ತೆಗೆದೆ. ಪ್ಲಗ್ ಉಜ್ಜಿದೆ, ಕಾರ್ಬೊರೇಟರ್ ಬಿಚ್ಚಿ ತೊಳೆದೆ, ಸ್ಕ್ರೂ ತಿರುಗಿಸಿ ಯಂತ್ರದ ಅಂಕಿ ನೋಡುತ್ತಾ ಹದಕ್ಕೆ ತಂದೆ. ಎರಡೂ ಕಾಲು! ಎಂಜಿನ್ ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಎಲ್ಲ ಮುಚ್ಚಿ ಬಿಗಿ ಮಾಡಿ, "ನಾಳೆ ಬೆಳಿಗ್ಗೆ ಬನ್ನಿ, ಸೀಲು ಹಾಕಿಸ್ಕೊಂಡು ಹೋಗೋದಷ್ಟೇ" ಎಂದು ಮೀಸೆ ತಿರುವಿದೆ.

ಶನಿವಾರ ಬೆಳಿಗ್ಗೆ ಅಂಕಿ ಮತ್ತೆ ಆರರ ಹತ್ತಿರ.

ಇದೇನಪ್ಪಾ ಮಾಯ! ಎಂಜಿನ್ ತಣ್ಣಗಿದೆಯೇನೋ ಎಂದು ಮುಟ್ಟಿ ನೋಡಿದೆ, ಸುಡುತ್ತಿತ್ತು. ಗಾಳಿಯ ಬಾಗಿಲು ಮುಚ್ಚುವ ಚೋಕ್ ಸಿಕ್ಕಿಕೊಂಡಿದೆಯೋ ಎಂದು ನೋಡಿದೆ, ಇಲ್ಲ. ಶನಿವಾರ ಸಂಜೆ ಮತ್ತೆ ಕೂತೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಚಿಮ್ಮಿಸುವ ಜೆಟ್ ಬದಲಾಯಿಸಿದೆ, ಒಳಗಿನ ಫ್ಲೋಟನ್ನೂ ಬದಲಾಯಿಸಿದೆ. ಮತ್ತೆ ಎರಡೂ ಕಾಲು. ಸೋಮವಾರ ಬೆಳಿಗ್ಗೆ ಮತ್ತೆ ಐದೂ ಮುಕ್ಕಾಲು. ಸಂಜೆ ಪಾಸಾಗುವ ಕಾರು ಬೆಳಗಾಗುವುದರೊಳಗೆ ಫೇಲು! ಭಾನುವಾರ ಇಡೀ ದಿನ ನನಗೆ ಇದೇ ಧ್ಯಾನ. ಊಟದ ತಟ್ಟೆಯ ಮುಂದೆ ಕೂತು, "ರಾತ್ರಿ ಆ ಕಾರಿಗೆ ಏನಾಗುತ್ತೆ?" ಎಂದು ಗಟ್ಟಿಯಾಗಿಯೇ ಹೇಳಿಕೊಂಡಿದ್ದೆ. ಸಾರು ಬಡಿಸುತ್ತಿದ್ದ ಕಮಲ, "ಯಾವ ಕಾರು?" ಎಂದಳು. "ಯಾವುದೋ ಡ್ರೈವಿಂಗ್ ಸ್ಕೂಲಿಂದು, ನಿಂಗ್ಯಾಕೆ ಬಿಡು" ಎಂದೆ. ಅವಳ ಕೈಯ ಸೌಟು ಒಂದು ಗಳಿಗೆ ನಿಂತಿದ್ದು ಈಗ ನೆನಪಾಗುತ್ತದೆ. "ಅದು ಪಾಸಾಗುತ್ತೆ ತಾನೆ?" ಎಂದು ಕೇಳಿದ್ದಳು. "ನಾನಿಲ್ವಾ?" ಎಂದಿದ್ದೆ.

ಸೋಮವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ, "ಪೆಟ್ರೋಲೇ ಸರಿಯಿಲ್ಲ ಅನ್ಸುತ್ತೆ" ಎಂದುಬಿಟ್ಟೆ. ರಾಜಣ್ಣ ಕೆಂಡವಾದರು. "ಲೋ, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಮೂರು ದಿನದಿಂದ ಕೆರೀತಾ ಕೂತಿದ್ದೀಯ, ಈಗ ನನ್ನ ಬಂಕಿನ ಮೇಲೆ ಹೇಳ್ತೀಯಾ?" ಎಂದರು. ಆಮೇಲೆ ಸರೋಜಮ್ಮನವರ ಬಾಡಿದ ಮುಖ ನೋಡಿ ಅವರಿಗೂ ಪಾಪ ಅನಿಸಿತು. ಪಕ್ಕದಲ್ಲಿ ಹೊಚ್ಚ ಹೊಸ ಕಾರೊಂದು ಟೆಸ್ಟಿಗೆ ನಿಂತಿತ್ತು. ಅದರ ಕಡೆ ಕಣ್ಣು ಮಿಟುಕಿಸಿ, "ಕಡ್ಡೀನ ಅದಕ್ಕಿಡು, ನಂಬರು ಅಮ್ಮಂದು ಒತ್ತು. ಯಾರ ಗಂಟು ಹೋಗುತ್ತೆ?" ಎಂದರು.

ಆಗಿನ ಯಂತ್ರಗಳಲ್ಲಿ ಅದು ಚಿಟಿಕೆ ಹೊಡೆದಷ್ಟು ಸುಲಭ. ಈಗಿನ ಹಾಗೆ ಗಾಡಿಯ ಫೋಟೋ ತೆಗೆಯುವ ಕ್ಯಾಮರಾ ಇರಲಿಲ್ಲ. ಸುಳ್ಳೇಕೆ ಹೇಳಲಿ, ನಾನು ಪ್ರೋಬ್ ಎತ್ತಿಕೊಂಡು ಆ ಹೊಸ ಕಾರಿನ ಕಡೆ ಎರಡು ಹೆಜ್ಜೆ ಇಟ್ಟೂ ಇದ್ದೆ. ಸರೋಜಮ್ಮ ಅಡ್ಡ ಬಂದು ನಿಂತರು.

"ಬೇಡ ನಾಗರಾಜ್. ಮೇಷ್ಟ್ರೇ ಕಾಪಿ ಹೊಡೆದ್ರೆ ಮಕ್ಕಳಿಗೆ ಏನು ಹೇಳ್ಲಿ? ನನ್ ಕಾರು ಫೇಲಾದ್ರೆ ಫೇಲು ಅನ್ನಿ, ತಲೆ ಬಗ್ಗಿಸ್ತೀನಿ. ಆದ್ರೆ ಯಾಕೆ ಅಂತ ಹೇಳಿ."

ಯಾಕೆ! ನನ್ನ ಹತ್ತಿರ ಎಷ್ಟು ಎಂಬ ಲೆಕ್ಕವಿತ್ತು, ಯಾಕೆ ಎಂಬುದು ಇರಲಿಲ್ಲ. ಅವರು ನನ್ನನ್ನು ತಮ್ಮ ಶಿಷ್ಯೆಯರಲ್ಲಿ ಒಬ್ಬಳೆಂಬಂತೆ ನೋಡಿ, "ಸರಿ, ಹೀಗೆ ಮಾಡೋಣ. ನನ್ ಸ್ಟೂಡೆಂಟ್ಸ್ ಏನಾದ್ರೂ ತಪ್ಪು ಮಾಡಿದ್ರೆ ನಾನು ಬೈಯಲ್ಲ, ಮಾಡಿದ್ದನ್ನ ಒಂದೊಂದೇ ಬಾಯಲ್ಲಿ ಹೇಳಿಸ್ತೀನಿ. ನೀವೂ ಹೇಳಿ. ಸಂಜೆ ಕಾರು ತಂದು ನಿಲ್ಲಿಸ್ತೀನಿ. ಮೊದ್ಲು ಏನು ಮಾಡ್ತೀರ?" ಎಂದರು.

"ಬಾನೆಟ್ ಎತ್ತುತೀನಿ."

"ಆಮೇಲೆ?"

"ಏರ್ ಫಿಲ್ಟರ್ ಬಿಚ್ಚಿ ಪಕ್ಕಕ್ಕಿಡ್ತೀನಿ. ಕಾರ್ಬೊರೇಟರ್ ಅದರ ಅಡೀಲಿ ಇರುತ್ತಲ್ಲ. ಟ್ಯೂನಿಂಗ್ ಮಾಡ್ತೀನಿ. ಅಂಕಿ ನೋಡ್ತೀನಿ. ಎರಡೂ ಕಾಲು ಬರುತ್ತೆ. ಆಮೇಲೆ ಫಿಲ್ಟರ್ ಮತ್ತೆ ಕೂರಿಸಿ..."

ಅಲ್ಲಿಗೆ ನನ್ನ ನಾಲಿಗೆ ನಿಂತಿತು. ಫಿಲ್ಟರ್ ಕೂರಿಸಿದ ಮೇಲೆ ನಾನು ಒಂದು ಸಲವೂ ಅಂಕಿ ನೋಡಿರಲಿಲ್ಲ! ಮೆಕ್ಯಾನಿಕ್ಕಿಗೆ ಫಿಲ್ಟರ್ ಕೂರಿಸುವುದು ಅಡುಗೆಯಾದ ಮೇಲೆ ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ. ಅದೂ ಅಡುಗೆಯ ಭಾಗ ಎಂದು ಯಾರೂ ಎಣಿಸುವುದಿಲ್ಲ. ಸಂಜೆ ಕಾರು ಪಾಸಾಗುತ್ತಿದ್ದುದು ಫಿಲ್ಟರ್ ಇಲ್ಲದೆ, ಬೆಳಿಗ್ಗೆ ಫೇಲಾಗುತ್ತಿದ್ದುದು ಫಿಲ್ಟರ್ ಇಟ್ಟುಕೊಂಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎರಡು ಸಂಜೆ ನಾನು ಕಾರ್ಬೊರೇಟರಿಗೆ ಬರೆ ಹಾಕುತ್ತಾ ಕೂತಿದ್ದೆ.

ಓಡಿಹೋಗಿ ಬಾನೆಟ್ ಎತ್ತಿದೆ. ಆ ಕಾರಿನ ಏರ್ ಫಿಲ್ಟರ್ ಎಂದರೆ ದುಂಡನೆಯ ಕಪ್ಪು ಡಬ್ಬಿ. ಅದರ ಪಕ್ಕದಿಂದ ಗಾಳಿ ಎಳೆದುಕೊಳ್ಳುವ ಮೂತಿಯೊಂದು ಚಾಚಿರುತ್ತದೆ. ಮೂತಿಯ ಮೇಲೆ ಅರಿಸಿನ ಕುಂಕುಮದ ಕಲೆ ಕಾಣಿಸಿತು. ಬೆರಳು ತೂರಿಸಿದೆ. ಏನೋ ಮೆತ್ತಗೆ ತಾಗಿತು. ಹಿಡಿದು ಎಳೆದೆ. ಗರಿಕೆ! ಒಂದು ಕಟ್ಟು ಬಂತು. ಅದರ ಹಿಂದೆ ಇನ್ನೊಂದು. ಎಳೆದಷ್ಟೂ ಬಂದವು, ಹಸಿರು ಕಟ್ಟು, ಹಳದಿ ಕಟ್ಟು, ಒಣಗಿ ಪುಡಿಯಾದ ಕಟ್ಟು, ನಡುವೆ ಒಂದೆರಡು ದಾಸವಾಳ. ಕಾರಿನ ಮೂಗಿಗೆ ಹುಲ್ಲು ತುರುಕಿ ಉಸಿರು ಕಟ್ಟಿಸಿದ್ದರು. ಗಾಳಿ ಸಾಲದೆ ಅದು ಬರೀ ಪೆಟ್ರೋಲ್ ಕುಡಿದು ಆರಕ್ಕೆ ಏರುತ್ತಿತ್ತು.

ಸರೋಜಮ್ಮ ತಲೆಯ ಮೇಲೆ ಕೈ ಹೊತ್ತರು. "ಅಯ್ಯೋ ನನ್ ಕರ್ಮವೇ! ಇದು ನಂದೇ ತಪ್ಪು. ಮೊದಲ್ನೇ ಪಾಠಕ್ಕೆ ಬಾನೆಟ್ ಎತ್ತಿ ತೋರಿಸ್ತೀನಲ್ಲ, ಹೆಂಗಸ್ರಿಗೆ ನೆನಪಿರ್ಲಿ ಅಂತ 'ಇದು ಗಣಪನ ಹೊಟ್ಟೆ, ಇದು ಸೊಂಡಿಲು, ಕಾರು ಉಸಿರಾಡೋದು ಇದ್ರಿಂದ' ಅಂತ ಹೇಳ್ತಿದ್ದೆ. ಟೆಸ್ಟಿನ ದಿನ ಒಬ್ಬೊಬ್ರೇ ಕದ್ದು ಗರಿಕೆ ಏರಿಸಿದಾರೆ! ಒಂದು ಸಲ ಸೊಂಡಿಲ ಮೇಲೆ ಇಟ್ಟಿದ್ದು ಕಂಡು, 'ದೇವ್ರ ಕೈಯಲ್ಲಿ ಕ್ಲಚ್ ಇಲ್ಲ ಕಣ್ರಮ್ಮಾ, ತೆಗೀರಿ' ಅಂತ ಬೈದಿದ್ದೆ. ನಾನು ಬೈತೀನಿ ಅಂತ ಆಮೇಲೆ ಒಳಗೇ ತಳ್ಳಿಬಿಟ್ಟಿದಾರೆ."

ರಾಜಣ್ಣ ನಕ್ಕು ನಕ್ಕು ಪಂಪಿಗೆ ಒರಗಿಕೊಂಡರು. ನಾನೂ ನಗಬೇಕಿತ್ತು. ಆದರೆ ನನ್ನ ಅಂಗೈಯಲ್ಲಿದ್ದ ಎರಡು ಕಟ್ಟುಗಳನ್ನು ನೋಡುತ್ತಾ ನಿಂತುಬಿಟ್ಟೆ. ಮಿಕ್ಕವೆಲ್ಲ ದಾರದಲ್ಲಿ ಕಟ್ಟಿದ್ದವು. ಈ ಎರಡಕ್ಕೆ ಮಾತ್ರ ಸಣ್ಣ ಕೆಂಪು ವೈರು. ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಮಡಚಿದ ಆ ಕಟ್ಟು ನಮ್ಮ ಮನೆಯ ದೇವರ ಗೂಡಿನಲ್ಲಿ ತಿಂಗಳಿಗೊಂದು ಸಲ ನಾನು ನೋಡುವಂಥದ್ದೇ.

"ಇದ್ಯಾರು ಕಟ್ಟಿದ್ದು ಮೇಡಂ?" ಎಂದೆ.

"ವೈರಿಂದಾ? ಅದು ಕಮಲಮ್ಮಂದೇ. ಇಟ್ಟಮಡುವಿನವ್ರು. ಇದನ್ನ ಶುರು ಮಾಡಿದ್ದೇ ಅವ್ರು. ಅವತ್ತು ನಾನು ಬೈದಿದ್ದೂ ಅವ್ರನ್ನೇ. ಎರಡು ಸಲ ಫೇಲಾದ್ರು, ಎರಡು ಕಟ್ಟು. ಹೇಳಿದ್ನಲ್ಲ, ಮೂರನೇ ಸಲ ಬರೋರು ಅಂತ, ಅವ್ರೇ."

"ಗಾಡಿ ಸರಿಯಾಗಿ ಓಡಿಸಲ್ವಾ?"

"ಅಯ್ಯೋ, ಸಖತ್ತಾಗಿ ಓಡಿಸ್ತಾರೆ. ನನ್ನ ಜೊತೆ ಬಂದ್ರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲೂ ಕೈ ಅಲ್ಲಾಡಲ್ಲ. ಟೆಸ್ಟಲ್ಲಿ ಗಂಡಸು ಯಾರಾದ್ರೂ ಪಕ್ಕ ಬಂದು ಕೂತ್ರೆ ಮುಗೀತು. ಏರಿನಲ್ಲಿ ಕಾರು ಎತ್ತೋಕೆ ಹೋಗಿ ಹಿಂದಕ್ಕೆ ಬಿಟ್ಬಿಡ್ತಾರೆ. ಯಾಕ್ರೀ ಅಂದ್ರೆ, ಮನೇಲಿ ಕಲಿಸಿ ಅಂದಾಗ ಗಂಡ ನಕ್ಕಿದ್ರಂತೆ. ಆ ನಗು ಕಿವೀಲೇ ಇದೆ ಮೇಡಂ ಅಂತಾರೆ."

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ನನಗೆಂದೇ ಹುಟ್ಟಿರಬೇಕು. ನನಗಾದ ನಾಚಿಕೆ ಇಷ್ಟು ಅಷ್ಟಲ್ಲ. ಊರಿನ ಗಾಡಿಗಳ ಹೊಟ್ಟೆಯೊಳಗಿನ ಹೊಗೆ ಅಳೆಯುವವನಿಗೆ ಒಂದೇ ಸೂರಿನಡಿ ಬದುಕುವವಳ ಸಂಕಟ ತಿಳಿದಿರಲಿಲ್ಲ. ರಾಜಣ್ಣ ಹೇಳಿದಂತೆ ಹೊಸ ಕಾರಿಗೆ ಪ್ರೋಬ್ ಇಟ್ಟು ಪ್ರಿಂಟ್ ತೆಗೆದಿದ್ದರೆ ಸರ್ಟಿಫಿಕೇಟ್ ಸಿಗುತ್ತಿತ್ತು, ನಾನು ಸಾಯುವವರೆಗೂ ಇದು ನನಗೆ ಗೊತ್ತಾಗುತ್ತಿರಲಿಲ್ಲ. ನಾನೇ ಆ ಗಂಡ ಎಂದು ಸರೋಜಮ್ಮನಿಗೆ ಹೇಳುವ ಧೈರ್ಯ ಬರಲಿಲ್ಲ. ಆ ಎರಡು ಕಟ್ಟುಗಳನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡೆ. ಫಿಲ್ಟರ್ ತೊಳೆದು, ಒರೆಸಿ, ಕೂರಿಸಿ, ಎಲ್ಲರೆದುರಿಗೆ ಪ್ರೋಬ್ ಇಟ್ಟೆ. ಎರಡೂ ಕಾಲು. ರಾಜಣ್ಣ ಸೀಲನ್ನು ಮೇಜು ಅದುರುವ ಹಾಗೆ ಒತ್ತಿದರು. ಬುಧವಾರ ಕಾರಿಗೆ ಎಫ್‌ಸಿಯೂ ಆಯಿತು.

ಕೆಲಸಕ್ಕೆ ಸೇರುವವರಿಗೆ ಇಲ್ಲೊಂದು ಮಾತು. ಅದಾದ ಮೇಲೆ ಎಷ್ಟೋ ಬದಲಾಯಿತು. ಕಾರ್ಬೊರೇಟರ್ ಹೋಗಿ ಪೆಟ್ರೋಲನ್ನು ತಾನೇ ಅಳೆದು ಚಿಮ್ಮಿಸುವ ಎಂಜಿನ್ನುಗಳು ಬಂದವು. ತಿರುಗಿಸಲು ಸ್ಕ್ರೂ ಇಲ್ಲ, ಕೈಗೆ ಮಸಿಯಿಲ್ಲ. ಕಂಪ್ಯೂಟರ್ ಬಂತು, ನಂಬರ್ ಪ್ಲೇಟಿನ ಫೋಟೋ ಬಂತು. ಯಂತ್ರ ಎಷ್ಟು ಬದಲಾದರೂ ಅದು ಎಷ್ಟು ಎಂದಷ್ಟೇ ಹೇಳುತ್ತದೆ. ಯಾಕೆ ಎಂಬುದನ್ನು ನೀವೇ ಕೇಳಬೇಕು, ಬಾನೆಟ್ ಎತ್ತಿ ನೋಡಬೇಕು, ಅದೂ ಮುಟ್ಟುವ ಮೊದಲು. ಫೇಲಾದ ಗಾಡಿಯವರನ್ನು ನೋಡಿ ನಗಬೇಡಿ. ನಾನು ಅಂದಿಗೆ ಅದನ್ನು ಬಿಟ್ಟೆ.

ಮನೆಯಲ್ಲಿ ಮಾತ್ರ ನಾಲ್ಕು ದಿನ ಈ ವಿಷಯಕ್ಕೆ ಬಾಯಿ ಬಿಡಲಾಗಲಿಲ್ಲ. ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ. "ಆ ಕಾರು ಏನಾಯ್ತು ರೀ?" ಎಂದು ಸೋಮವಾರವೇ ಕೇಳಿದ್ದಳು. "ಪಾಸಾಯ್ತು" ಎಂದೆ. ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಶುಕ್ರವಾರ ಬೆಳಿಗ್ಗೆ ಬೇಗ ಎದ್ದು ತಿಂಡಿ ಮುಗಿಸಿ, ಒಳ್ಳೆಯ ಸೀರೆ ಉಟ್ಟು, "ಬನಶಂಕರಿ ಗುಡಿಗೆ ಹೋಗಿ ಬರ್ತೀನಿ ರೀ. ಶುಕ್ರವಾರ ಅಲ್ವಾ, ಕ್ಯೂ ಇರುತ್ತೆ, ಲೇಟಾಗ್ಬೋದು" ಎಂದಳು. ಚಪ್ಪಲಿಯನ್ನು ಎಡಬಲ ಅದಲುಬದಲಾಗಿ ಮೆಟ್ಟಿ, ಮತ್ತೆ ಸರಿಮಾಡಿಕೊಂಡಳು. ನಾನು ಅಷ್ಟು ಹೊತ್ತಿಗಾಗಲೇ ಪಕ್ಕದ ಖಾಲಿ ಸೈಟಿಗೆ ಹೋಗಿ ಬಂದಿದ್ದೆ. ಇಪ್ಪತ್ತೊಂದು ಎಳೆ ಗರಿಕೆಯನ್ನು ಎರಡೆರಡು ಸಲ ಎಣಿಸಿ, ಟೂಲ್ ಬಾಕ್ಸಿನ ಕೆಂಪು ವೈರಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದೆ. ಅದನ್ನು ಅವಳ ಕೈಗೆ ಕೊಟ್ಟೆ.

"ತಗೊಂಡು ಹೋಗು. ಸೊಂಡಿಲೊಳಗೆ ಮಾತ್ರ ತುರುಕ್ಬೇಡ, ಡ್ಯಾಶ್‌ಬೋರ್ಡ್ ಮೇಲಿಡು" ಎಂದೆ.

ಅವಳು ಗರಿಕೆಯನ್ನೂ ನನ್ನನ್ನೂ ನೋಡಿದಳು. "ನಿಮ್ಗೆ... ಯಾರು ಹೇಳಿದ್ರು?"

"ಕಾರು ಹೇಳ್ತು" ಎಂದೆ. "ಕಮಲಾ, ಅವತ್ತು ನಕ್ಕಿದ್ದು ತಪ್ಪಾಯ್ತು ಕಣೇ."

ಅವಳು ಗರಿಕೆಯನ್ನು ಕಣ್ಣಿಗೊತ್ತಿಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಚೀಲಕ್ಕೆ ಹಾಕಿಕೊಂಡು ಹೊರಟಳು.

ಆ ದಿನ ನಾನು ಮಾಡಿದ ಟೆಸ್ಟುಗಳನ್ನು ದೇವರೇ ಕಾಪಾಡಬೇಕು. ಒಂದೊಂದು ಗಾಡಿಗೂ ಎರಡೆರಡು ಸಲ ಪ್ರೋಬ್ ಇಟ್ಟೆ. ಐದಾದ ಕೂಡಲೇ ಮನೆಗೆ ಓಡಿದೆ. ಕಮಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಪಾಸಾ?" ಎಂದೆ.

"ಕಾರನ್ನ ಕೇಳ್ತಿದೀರೋ, ನನ್ನನ್ನೋ?"

"ಕಾರು ಸೋಮವಾರನೇ ಪಾಸಾಯ್ತಲ್ಲೇ."

ಆಗ ತಲೆ ಎತ್ತಿದಳು. "ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ಬೇಡಿ. ಸರೋಜಮ್ಮ ಕಾರು ತರ್ತಾರೆ, ಬಂಕಿನ ತನಕ ನಿಮ್ಮನ್ನ ನಾನೇ ಬಿಡ್ತೀನಿ. ಏರು ಬಂದಾಗ ಸುಮ್ನೆ ಕೂತಿರ್ಬೇಕು, ಅಷ್ಟೇ" ಎಂದಳು.

ಮರುದಿನ ಸರೋಜಮ್ಮ ಹಿಂದಿನ ಸೀಟಿನಲ್ಲಿ, ನಾನು ಮುಂದೆ ಎಡಗಡೆ. ಕಮಲಳ ಗಂಡ ನಾನೇ ಎಂದು ಸರೋಜಮ್ಮನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ನನ್ನ ಬೆನ್ನಿಗೆ ಕಣ್ಣಿಟ್ಟುಕೊಂಡೇ ಕೂತಿದ್ದರು. ಡ್ಯಾಶ್‌ಬೋರ್ಡಿನ ಮೇಲೆ ಗರಿಕೆ ಇತ್ತು. ಏರಿನ ನಡುವೆ ಸಿಗ್ನಲ್ ಬಿದ್ದು ಕಾರು ನಿಂತಿತು. ಹಿಂದೆ ಅಂಟಿಕೊಂಡ ಹಾಗೆ ಒಂದು ಬಸ್ಸು. ನಾನು ಅವಳು ಹೇಳಿದಂತೆ ಸುಮ್ಮನೆ ಎದುರಿಗೇ ನೋಡುತ್ತಾ ಕೂತೆ. ಹಸಿರು ದೀಪ ಬಂತು. ಕಾರು ಒಂದಂಗುಲವೂ ಹಿಂದಕ್ಕೆ ಸರಿಯದೆ ಮೇಲೇರಿತು.

ಬಂಕಿನಲ್ಲಿ ನಾನು ಇಳಿಯುವುದನ್ನು ನೋಡಿ ರಾಜಣ್ಣ ಬೀಡಿ ತೆಗೆದು, "ಏನೋ ನಾಗ, ಹೆಂಡ್ತೀನ ಡ್ರೈವರ್ ಮಾಡ್ಕೊಂಡ್ಯೇನೋ?" ಎಂದು ಗಹಗಹಿಸಿದರು.

"ನಗಬೇಡಿ ಅಣ್ಣ. ಅವಳು ಮೊದಲೇ ಪಾಸಾಗಿದ್ಲು. ಫೇಲಾಗಿದ್ದೋನು ನಾನು" ಎಂದು ಹೇಳಿ ಯಂತ್ರವನ್ನು ಸೊನ್ನೆಗೆ ತರಲು ಹೋದೆ.